ಪಾಟೀಲ ಕಾಕಾ ಬಿಟ್ಟುಕೊಟ್ಟ ಶನಿವಾರ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಸುಧಾ ಕಾಫಿ ಮೆಷೀನಿಗೆ ಒಂದು ಲೋಟ ವಿನೆಗರ್ ಸುರಿದು ಬಟನ್ ಒತ್ತಿದಳು. ಒಳಗೆ ಕಟ್ಟಿಕೊಂಡ ಸುಣ್ಣ ಬಿಡಿಸಲು ಇದಕ್ಕಿಂತ ಒಳ್ಳೆಯ ಮದ್ದಿಲ್ಲವಂತೆ. ಐದೇ ನಿಮಿಷದಲ್ಲಿ ಮನೆಯೆಲ್ಲ ಹುಳಿ ವಾಸನೆ. ನೀವು ಆಗ ನಮ್ಮ ಮನೆಗೆ ಬಂದಿದ್ದರೆ, ಉಪ್ಪಿನಕಾಯಿ ಜಾಡಿ ಏನಾದರೂ ಒಡೆಯಿತೇ ಎಂದು ಕೇಳುತ್ತಿದ್ದಿರಿ. ನನಗೆ ಮಾತ್ರ ಉಪ್ಪಿನಕಾಯಿ ನೆನಪಾಗಲಿಲ್ಲ. ತಗ್ಗು ಮಾಡಿನ ಒಂದು ಪಬ್ಬು, ತಟ್ಟೆಯ ತುಂಬ ಕರಿದ ಆಲೂಗಡ್ಡೆ, ಅದರ ಮೇಲೆ ಯಾರೋ ಧಾರಾಳವಾಗಿ ಚಿಮುಕಿಸಿದ ವಿನೆಗರ್, ಅದರ ಆಚೆ ಕುಳಿತ ಪಾಟೀಲ ಕಾಕಾ ನೆನಪಾದರು. ಖಾಲಿ ಕಪ್ಪು ಹಿಡಿದುಕೊಂಡು ಅಡುಗೆಮನೆಯ ನಡುವೆ ನಿಂತುಬಿಟ್ಟೆ.

"ಏನ್ರೀ, ಕಂಬದ ಹಾಗೆ ನಿಂತ್ರಿ? ಕಾಫಿ ಇನ್ನೂ ಅರ್ಧ ಗಂಟೆ ಆಗತ್ತೆ" ಎಂದಳು ಸುಧಾ.

"ಪಾಟೀಲ ಕಾಕಾ ನೆನಪಾದ್ರು ಕಣೇ."

"ನೆನಪು ಮಾಡ್ಕೊಳೋಕೆ ಏನು ಖರ್ಚು? ಹತ್ತು ನಿಮಿಷದ ಡ್ರೈವು. ಒಂದು ವರ್ಷದಿಂದ ಹೋಗ್ತೀನಿ ಹೋಗ್ತೀನಿ ಅಂತಾನೇ ಇದೀರ."

ಯಾಕೆ ಹೋಗಲಿಲ್ಲ ಎಂದು ಅವಳಿಗೆ ಹೇಳಹೊರಟರೆ ಮುಗಿಯುವುದಿಲ್ಲ. ಆದರೆ ನಿಮಗೆ ಹೇಳುತ್ತೇನೆ. ನೀವು ಹೆಂಡತಿಯಲ್ಲ, ನಡುವೆ ಬಾಯಿ ಹಾಕುವುದಿಲ್ಲ.

ಪಾಟೀಲರು ಗದಗದ ಕಡೆಯವರು. ಇಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ನೀರಿನ ಪೈಪುಗಳ ಎಂಜಿನಿಯರಾಗಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ರಿಟೈರ್ ಆದ ಮರುವಾರವೇ ನಮ್ಮ ಊರಾದ ಪ್ಲೆಸೆಂಟನ್ನಿನ ಕನ್ನಡದವರನ್ನು ಗುಡ್ಡೆ ಹಾಕಿ ಶನಿವಾರದ ನಡಿಗೆ ಶುರು ಮಾಡಿದರು. ವಾರಕ್ಕೊಂದು ಗುಡ್ಡ, ವಾರಕ್ಕೊಂದು ಹಾದಿ. ಎಂಟು ವರ್ಷ ಒಂದು ಶನಿವಾರವೂ ತಪ್ಪಲಿಲ್ಲ. ಮಳೆ ಇರಲಿ ಬಿಸಿಲಿರಲಿ ಕೈಯಲ್ಲಿ ಕರಿಯ ಛತ್ರಿ; ಅದನ್ನು ಬಿಚ್ಚಿದ್ದು ನಾನು ಕಂಡಿದ್ದು ಒಂದೆರಡು ಸಲ. ಉಳಿದಂತೆ ಅದು ಗುಡ್ಡ ತೋರಿಸಲು, ಹಕ್ಕಿ ತೋರಿಸಲು, ಹಿಂದೆ ಬಿದ್ದ ನನ್ನಂಥವರನ್ನು ಬೈಯಲು. "ಏ ಹಾಸನದ ಸಾಹೇಬ್ರ, ಮದುವಿ ಮೆರವಣಿಗಿ ಅಲ್ಲ ಇದು, ಕಾಲ ಎತ್ರಿ!" ಎಂದು ಅವರು ಕೂಗಿದರೆ ಗುಡ್ಡದಾಚೆಯ ದನಗಳೂ ಕತ್ತೆತ್ತಿ ನೋಡುತ್ತಿದ್ದವು.

ಅವರ ಇನ್ನೊಂದು ಕ್ರಮವಿತ್ತು. ಶನಿವಾರದ ಹಾದಿಯನ್ನು ಗುರುವಾರವೇ ಒಬ್ಬರೇ ಹೋಗಿ ನಡೆದು ನೋಡಿ ಬರುವುದು. ಎಲ್ಲಿ ಕೆಸರು, ಎಲ್ಲಿ ಗೇಟು, ಎಲ್ಲಿ ನೆರಳು, ಹೆಂಗಸರಿಗೆ ರೆಸ್ಟ್‌ರೂಮು ಎಲ್ಲಿ, ಎಲ್ಲ ಲೆಕ್ಕ ಹಾಕಿ ಬರೋರು. ಅಂದರೆ ಎಂಟು ವರ್ಷ ನಾವು ಒಂದು ಸಲ ನಡೆದ ಹಾದಿಯನ್ನೆಲ್ಲ ಅವರು ಎರಡು ಸಲ ನಡೆದಿದ್ದಾರೆ. ಅದಕ್ಕೆ ನಾವು ಥ್ಯಾಂಕ್ಸ್ ಹೇಳಿದ್ದು ಕಡಿಮೆ. ಮನೆಯ ಹಿರಿಯರಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ?

ಈಗ ಆ ಪಬ್ಬಿನ ವಿಷಯ. ಹೋದ ವರ್ಷ ಫೆಬ್ರವರಿ. ಇಲ್ಲಿ ಆಗ ಗುಡ್ಡಗಳೆಲ್ಲ ಹಸಿರು. ಮೇ ಬಂದರೆ ಅವೇ ಗುಡ್ಡಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತವೆ. ಹಸಿರಿರುವಾಗಲೇ ಕೊಲ್ಲಿಯಾಚೆ ಮರೀನ್ ಕಡೆಯ ಗುಡ್ಡ ದಾಟಿ ಸಮುದ್ರದ ಹತ್ತಿರ ಇಳಿಯೋಣ, ಇಳಿದಲ್ಲಿ ಒಂದು ಹಳೇ ಕಾಲದ ಇಂಗ್ಲಿಷ್ ಪಬ್ಬು ಇದೆ, ಊಟ ಅಲ್ಲೇ ಎಂದು ಕಾಕಾ ವಾಟ್ಸಪ್ಪಿನಲ್ಲಿ ಹಾಕಿದರು. ಗುಂಪಿನಲ್ಲಿ ಗುಲ್ಲೋ ಗುಲ್ಲು. ನಮ್ಮ ನಡಿಗೆ ಯಾವತ್ತೂ ಮುಗಿಯುತ್ತಿದ್ದದ್ದು ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಡಿಕ್ಕಿ ತೆರೆದು ಚಿತ್ರಾನ್ನ, ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಳ್ಳುವುದರಲ್ಲಿ. ಕುಡಿಯುವವರು ನಮ್ಮಲ್ಲಿ ಅರ್ಧ, ಕುಡಿಯದವರು ಅರ್ಧ, ಕುಡಿದರೂ ಹೇಳದವರು ಇನ್ನರ್ಧ. ಕಾಕಾ ಸ್ವತಃ ಚಹಾದ ಆಸಾಮಿ. ಅವರಿಗೆ ಪಬ್ಬು ಯಾಕೆ ಬೇಕಾಯಿತು ಎಂದು ಎಲ್ಲರಿಗೂ ಸೋಜಿಗ.

ಅವತ್ತು ಅವರು ನಮ್ಮ ಕಾರಿನಲ್ಲೇ ಬಂದರು. ಯಾವಾಗಲೂ ತಮ್ಮ ಕಾರಿನಲ್ಲಿ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುವವರು. "ನಿಮ್ಮ ಕಾರು ಹೊಸಾದು ಐತಿ, ನಾವೂ ಒಂದಿಷ್ಟು ಆರಾಮ ಕುಂದರ್ತೀವಿ" ಎಂದರು. ನನಗೆ ಹೆಮ್ಮೆಯೇ ಆಯಿತು. ಓಕ್ಲ್ಯಾಂಡಿನ ಬಂದರಿನ ಕ್ರೇನುಗಳು ಕಂಡಾಗ ಒಂದು ಕಥೆ, ಸೇತುವೆ ಬಂದಾಗ ಒಂದು ಕಥೆ, ಬಾಯಿಗೆ ಬಿಡುವೇ ಇರಲಿಲ್ಲ.

ಗುಡ್ಡದ ಮೇಲೆ ಮಂಜು ಮುಸುಕಿತ್ತು. ಹದಿನಾಲ್ಕು ಜನ ಸಾಲಾಗಿ ನಡೆದೆವು. ಒಂದು ಗಂಟೆ ನಡೆದ ಮೇಲೆ ಹಾದಿ ಕವಲೊಡೆಯುವ ಜಾಗ ಬಂತು. ಅಲ್ಲೊಂದು ಮರದ ಕಂಬ, ಅದಕ್ಕೆ ಬಾಣದ ಗುರುತಿನ ಹಲಗೆಗಳು. ಕಾಕಾ ಕಂಬದ ಹತ್ತಿರ ಹೋಗಿ ನಿಂತರು. ನಿಂತೇ ಇದ್ದರು. ನಾನು ಹಿಂದಿನಿಂದ, "ಏನು ಕಾಕಾ, ಹಲಗೆ ಬಾಯಿಪಾಠ ಮಾಡ್ತಿದೀರಾ?" ಎಂದು ತಮಾಷೆ ಮಾಡಿದೆ. ಅವರು ನಗದೆ ಛತ್ರಿಯನ್ನು ಎಡಕ್ಕೆ ತೋರಿಸಿ ನಡೆದರು. ನಾವು ಹಿಂದೆ ನಡೆದೆವು. ಮುಕ್ಕಾಲು ಗಂಟೆ ನಡೆದರೆ ಎದುರಿಗೆ ಬೀಗ ಹಾಕಿದ ಗೇಟು, ಆಚೆ ನಾಲ್ಕು ಕುದುರೆಗಳು. ಕುದುರೆಗಳು ನಮ್ಮನ್ನು ನೋಡಿದವು, ನಾವು ಕುದುರೆಗಳನ್ನು ನೋಡಿದೆವು. ಸಮುದ್ರ ಎಲ್ಲೂ ಇರಲಿಲ್ಲ.

ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗಿದೆವು. ಪಬ್ಬು ಮುಟ್ಟುವ ಹೊತ್ತಿಗೆ ಎರಡು ಗಂಟೆ ತಡವಾಗಿತ್ತು. ಮಗುವಿನ ಈಜಿನ ಕ್ಲಾಸು ತಪ್ಪಿತು ಎಂದು ಒಬ್ಬರು, ಕಾಲಿಗೆ ಬೊಬ್ಬೆ ಬಂತು ಎಂದು ಒಬ್ಬರು ಗೊಣಗಿದರು. ಜೋರಾಗಿ ಯಾರೂ ಏನೂ ಅನ್ನಲಿಲ್ಲ, ಆದರೆ ಗೊಣಗಾಟ ಕಿವಿಗೆ ಬೀಳದಷ್ಟು ದೂರದಲ್ಲಿ ಕಾಕಾ ಇರಲಿಲ್ಲ.

ಪಬ್ಬನ್ನು ನೋಡಿ ನನಗೆ ತಲೆಬುಡ ತಿಳಿಯಲಿಲ್ಲ. ಬಿಳಿ ಗೋಡೆ, ಕರಿ ತೊಲೆ, ತಲೆ ತಾಗುವ ಬಾಗಿಲು, ಒಳಗೆ ಉರಿಯುವ ಒಲೆ. ಹಳ್ಳಿಯ ಪಬ್ಬಂತೆ, ಆದರೆ ಸುತ್ತ ಹಳ್ಳಿಯೇ ಇಲ್ಲ. ಇಂಗ್ಲೆಂಡಿನದಂತೆ, ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಹಳೇ ಕಾಲದ್ದಂತೆ, ಕಟ್ಟಿದ್ದು ನಾನು ಹೈಸ್ಕೂಲಿನಲ್ಲಿದ್ದ ಕಾಲದಲ್ಲಿ ಎಂದು ಗೋಡೆಯ ಮೇಲೆ ಅವರೇ ಬರೆದುಕೊಂಡಿದ್ದರು. ಹಾಗೆ ನೋಡಿದರೆ ನಾನೂ ಹಳೇ ಕಾಲದವನೇ. ಒಳಗೆ ಹೋಗಿ ಎರಡು ಉದ್ದ ಮೇಜು ಹಿಡಿದು ಕುಳಿತೆವು. ಯಾರೂ ಬಂದು ಏನು ಬೇಕೆಂದು ಕೇಳಲಿಲ್ಲ. ಇಪ್ಪತ್ತು ನಿಮಿಷವಾದ ಮೇಲೆ, ಇಲ್ಲಿ ನಾವೇ ಕೌಂಟರಿಗೆ ಹೋಗಿ ಕೇಳಿ ತರಬೇಕು ಎಂದು ಪಕ್ಕದ ಮೇಜಿನ ಅಜ್ಜಿಯೊಬ್ಬರು ಕನಿಕರದಿಂದ ತಿಳಿಸಿದರು. ದರ್ಶಿನಿಯಲ್ಲಿ ನಿಂತು ಇಡ್ಲಿ ತಿಂದು ಬೆಳೆದ ನಮಗೆ ಇದು ಹೊಳೆಯಬಾರದಿತ್ತೇ!

ನಾನು ಎದ್ದು ಹೋದೆ. ಕೌಂಟರಿನ ಆಸಾಮಿ ಹತ್ತು ಬಿಯರ್ ನಲ್ಲಿಗಳ ಹೆಸರು ಒಂದೇ ಉಸಿರಿನಲ್ಲಿ ಹೇಳಿದ. ನನಗೆ ಒಂದೂ ಗೊತ್ತಾಗದೆ ನಡುವಿನ ನಲ್ಲಿಗೆ ಬೆರಳು ತೋರಿಸಿದೆ. ಬಂದದ್ದು ಕಪ್ಪಗೆ, ಉಗುರುಬೆಚ್ಚಗೆ, ನಮ್ಮ ಅಜ್ಜಿ ಕೆಮ್ಮಿಗೆ ಕೊಡುತ್ತಿದ್ದ ಕಷಾಯದ ಹಾಗಿತ್ತು. ಕಾಕಾಗೆ ಒಂದು ಪಾಟ್ ಚಹಾ ಹೇಳಿ, ಆಲೂಗಡ್ಡೆ ಹೇಳಿ, ಟ್ರೇ ಹಿಡಿದುಕೊಂಡು ಮೇಜಿನ ಹತ್ತಿರ ಬರುವಷ್ಟರಲ್ಲಿ ಕಾಕಾ ಎದ್ದು ನಿಂತಿದ್ದರು.

"ಇವತ್ತು ನನ್ನಿಂದ ನಿಮಗೆಲ್ಲಾ ತ್ರಾಸ ಆತು. ಕ್ಷಮಾ ಇರ್ಲಿ. ನನಗ ಸಾಕಾತ್ರಿ. ಎಂಟು ವರ್ಷ ಮಾಡೇನಿ. ಇನ್ನ ಮ್ಯಾಲೆ ಬ್ಯಾರೆ ಯಾರರ ಮುಂದ ನಿಂತು ನಡಸ್ರಿ."

ಅಷ್ಟು ಹೇಳಿ ಛತ್ರಿ ಊರಿಕೊಂಡು ನಿಂತರು.

ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಕಡೆ 'ಬೇಡ' ಎನ್ನುವುದಕ್ಕೆ ಒಂದು ಪದ್ಧತಿ ಇದೆಯಲ್ಲ, ಅದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಊಟಕ್ಕೆ ಕುಳಿತಾಗ ಹೋಳಿಗೆ ಬಂದರೆ ಎಲೆಯ ಮೇಲೆ ಅಡ್ಡ ಕೈ ಇಡುತ್ತೇವೆ. ಮೊದಲನೆಯ ಬೇಡ ಮರ್ಯಾದೆಯದು, ಎರಡನೆಯದು ಸಂಕೋಚದ್ದು, ಮೂರನೆಯದು ಹೊಟ್ಟೆಯದು. ಮೊದಲನೆಯ ಬೇಡಕ್ಕೇ ಮುಂದಿನ ಎಲೆಗೆ ಹೋಗಿಬಿಡುವವನನ್ನು ನಮ್ಮೂರಲ್ಲಿ ಬಡಿಸಲು ಕರೆಯುತ್ತಲೇ ಇರಲಿಲ್ಲ. ಈ ಪದ್ಧತಿಯನ್ನು ಇಲ್ಲಿಗೂ ಹೊತ್ತು ತಂದು ನಾನು ಕೆಟ್ಟಿದ್ದೇನೆ. ಸ್ಯಾನ್ ಮಟಿಯೋದ ಆಫೀಸಿನಲ್ಲಿ ನನ್ನ ಮ್ಯಾನೇಜರು, ಈ ಹೊಸ ಟೀಮು ನೀನು ನೋಡಿಕೊಳ್ಳುತ್ತೀಯಾ ಎಂದಳು. ಅಯ್ಯೋ, ನನಗಿಂತ ಬಲ್ಲವರಿದ್ದಾರೆ ಎಂದೆ. ಹೌದೆಂದುಕೊಂಡು ಬಲ್ಲವರಿಗೇ ಕೊಟ್ಟಳು. ಮನೆಗೆ ಬಂದು ಗೋಳಾಡಿದರೆ ನನ್ನ ಮಗಳು, "ನೋ ಅಂದ್ರೆ ನೋ ಅಪ್ಪಾ. ಶೀ ರೆಸ್ಪೆಕ್ಟೆಡ್ ಯು" ಎಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ನಾವು ಮಾತ್ರ ಅರ್ಧಂಬರ್ಧ.

ಆದ್ದರಿಂದ ಕಾಕಾ ಸಾಕಾಯಿತು ಎಂದು ನಿಂತಾಗ ಮುಂದೆ ಏನಾಗಬೇಕು ಎನ್ನುವುದು ಅಲ್ಲಿದ್ದ ಹದಿಮೂರು ಜನಕ್ಕೂ ಗೊತ್ತಿತ್ತು. "ಛೆ ಛೆ, ಇದೇನ್ ಕಾಕಾ, ನೀವು ಬಿಡೋದುಂಟಾ" ಎಂದು ಗದ್ದಲವೇಳಬೇಕು. ಅವರು "ಇಲ್ರಿ ಇಲ್ರಿ" ಅನ್ನಬೇಕು. ನಾವು ಇನ್ನೊಮ್ಮೆ ಅನ್ನಬೇಕು.

ಎದ್ದದ್ದು ಮೇಘನಾ. ಬೆಂಗಳೂರಿನ ಹುಡುಗಿ, ದೊಡ್ಡ ಕೆಲಸದಲ್ಲಿದ್ದಾಳೆ, ಮನಸ್ಸು ಬಂಗಾರ. ಕಣ್ಣಲ್ಲಿ ನೀರು ತುಂಬಿಕೊಂಡು, "ಅಂಕಲ್, ಇದು ಹೇಳಕ್ಕೆ ನಿಮಗೆ ಎಷ್ಟು ಕಷ್ಟ ಆಗಿರತ್ತೆ! ನಿಮ್ಮ ಡಿಸಿಷನ್ನನ್ನ ನಾವೆಲ್ಲ ಟೋಟಲಿ ರೆಸ್ಪೆಕ್ಟ್ ಮಾಡ್ತೀವಿ" ಎಂದು ಚಪ್ಪಾಳೆ ತಟ್ಟಿದಳು. ಒಬ್ಬರು ತಟ್ಟಿದ ಮೇಲೆ ಇನ್ನೊಬ್ಬರು ತಟ್ಟದೆ ಇರುವುದು ಹೇಗೆ? ಎಲ್ಲರೂ ತಟ್ಟಿದರು. ಪಕ್ಕದ ಮೇಜಿನವರೂ ತಟ್ಟಿದರು. ಯಾರದೋ ಹುಟ್ಟುಹಬ್ಬವೆಂದು ತಿಳಿದು ಕೌಂಟರಿನವನು ಒಂದು ಕೇಕಿನ ತುಂಡಿಗೆ ಮೇಣದಬತ್ತಿ ಸಿಕ್ಕಿಸಿಕೊಂಡು ಓಡಿಬಂದ. ಅಜ್ಜಿ ಹಾಡಲು ಶುರು ಮಾಡಿದರು. ಇಡೀ ಪಬ್ಬು ಹಾಡಿತು. ಪಾಟೀಲ ಕಾಕಾ ಅತ್ತಿತ್ತ ನೋಡಿದರು, ಏನು ಮಾಡುವುದೆಂದು ತಿಳಿಯದೆ ಬಗ್ಗಿ ಬತ್ತಿ ಊದಿದರು.

ನಾನು ಟ್ರೇ ಹಿಡಿದು ನಿಂತೇ ಇದ್ದೆ. ಟ್ರೇ ಇಟ್ಟು ಬಾಯಿ ತೆರೆಯೋಣವೆಂದುಕೊಂಡೆ. ಅಷ್ಟರಲ್ಲಿ ಕಾಕಾ ನನ್ನ ಕಡೆ ತಿರುಗಿ, "ನೀವ ನಡಸ್ರಿ ಇನ್ನ" ಎಂದರು.

"ಅಯ್ಯೋ, ನಾನ್ಯಾಕೆ ಕಾಕಾ? ನನಗೆ ದಿಕ್ಕೇ ತಿಳಿಯಲ್ಲ."

"ಹಂಗನಬ್ಯಾಡ್ರಿ. ನೀವ ಬೇಕು."

"ಬೇಡ ಕಾಕಾ, ಬೇರೆ ಯಾರಾದ್ರೂ..."

"ನಾ ಹೇಳಾಕತ್ತೇನಿ. ನಿಮ್ಮ ಕೈಯಾಗ ಕೊಟ್ರ ನನಗ ಸಮಾಧಾನ. ನನ್ನ ಮಾತು ತಗದಹಾಕಬ್ಯಾಡ್ರಿ."

"ನೀವು ಅಷ್ಟು ಹೇಳಿದ ಮೇಲೆ..." ಎಂದೆ. ಮತ್ತೆ ಚಪ್ಪಾಳೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣ ಒಳಗೊಳಗೆ ಖುಷಿಯಾಯಿತು. ಆಫೀಸಿನಲ್ಲಿ ತಪ್ಪಿದ್ದು ಪಬ್ಬಿನಲ್ಲಿ ಸಿಕ್ಕಿತಲ್ಲ! ಖುಷಿಯ ಬೆನ್ನಿಗೇ ಏನೋ ಎಡವಟ್ಟಾಗಿದೆ ಎಂದೂ ಅನ್ನಿಸಿತು, ಏನೆಂದು ಮಾತ್ರ ತಿಳಿಯಲಿಲ್ಲ. ಕಷಾಯವನ್ನು ಗಟಗಟ ಕುಡಿದೆ.

ವಾಪಸು ಬರುವಾಗಲೂ ಕಾಕಾ ಅದೇ ಸೇತುವೆಯ ಕಥೆ, ಅದೇ ಕ್ರೇನಿನ ಕಥೆ ಹೇಳಿದರು. ಆದರೆ ಯಾವ ಕಥೆಯನ್ನೂ ಕೊನೆ ಮುಟ್ಟಿಸಲಿಲ್ಲ. ಅವರ ಮನೆಯ ಮುಂದೆ ಇಳಿಸಿ, "ಸರಿ ಕಾಕಾ, ಬರ್ತೀವಿ" ಎಂದು ಕಾರು ತಿರುಗಿಸಿದೆ. ರಸ್ತೆಯ ತುದಿ ಬರುವವರೆಗೂ ಸುಧಾ ಹಿಂದೆ ತಿರುಗಿ ಅವರ ಮನೆಯ ಕಡೆಯೇ ನೋಡುತ್ತಿದ್ದಳು. ಆಮೇಲೆ, "ನಿಮ್ಮನ್ನ ಅವರು ಮೂರು ಸಲ ಕೇಳಿದ್ರು. ಅವರನ್ನ ಯಾರಾದ್ರೂ ಒಂದ್ಸಲ ಕೇಳಿದ್ರಾ?" ಎಂದಳು.

"ನೀನ್ಯಾಕೆ ಬಾಯಿ ಬಿಡಲಿಲ್ಲ?" ಎಂದು ರೇಗಿದೆ.

"ನೀವು ಹಿರಿಯರು, ನೀವು ಮೊದಲು ಅಂತೀರ ಅಂತ ಕಾಯ್ತಿದ್ದೆ."

ಆಮೇಲೆ ಒಬ್ಬೊಬ್ಬರನ್ನೇ ವಿಚಾರಿಸಿದೆ. ಎಲ್ಲರದೂ ಅದೇ ಕಥೆ. ಅವರು ಅಂತಾರೆಂದು ಇವರು, ಇವರು ಅಂತಾರೆಂದು ಅವರು. ಮೇಘನಾಳನ್ನು ಕೇಳಿದರೆ ಅವಳು ಬೆಪ್ಪಾಗಿ, "ಅಲ್ಲ ಅಂಕಲ್, ಅವರೇ ಸಾಕು ಅಂದ್ರಲ್ಲ? ಸುಮ್ಸುಮ್ನೆ ಅಂತಾರಾ ಯಾರಾದ್ರೂ?" ಎಂದಳು. ನಿಜವಾಗಿಯೂ ಸಾಕಾಗಿ ಅಂದಿದ್ದರೋ, ನಮ್ಮಿಂದ ಬಿಡಬೇಡಿ ಎನ್ನಿಸಿಕೊಳ್ಳಲು ಅಂದಿದ್ದರೋ? ಸಾಕಾಗಿದ್ದರೆ ನಾವು ಮಾಡಿದ್ದು ಸರಿ. ಇಲ್ಲವಾದರೆ ಎಂಟು ವರ್ಷ ನಮ್ಮನ್ನು ನಡೆಸಿದ ಮನುಷ್ಯನನ್ನು ಚಪ್ಪಾಳೆ ತಟ್ಟಿ ಹೊರಗೆ ಕಳಿಸಿದ್ದೇವೆ. ಅವರ ಜಾಗದಲ್ಲಿ ಹೋಗಿ ಕುಳಿತವನು ಬೇರೆ ನಾನು.

ಮುಂದಿನ ಶನಿವಾರ ಕಾಕಾ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಮೇಘನಾ ವಾಟ್ಸಪ್ಪಿನಲ್ಲಿ, ರೈಡ್ ಬೇಕಿದ್ದರೆ ಹೇಳಿ ಅಂಕಲ್ ಎಂದು ಬರೆದಳು. 'ನೋ ನೋ, ಥ್ಯಾಂಕ್ಯೂ' ಎಂದು ಉತ್ತರ ಬಂತು, ಜೊತೆಗೊಂದು ನಮಸ್ಕಾರದ ಚಿತ್ರ. ಆ ನಮಸ್ಕಾರವನ್ನು ನಾನು ಹತ್ತು ಸಲ ನೋಡಿದ್ದೇನೆ. ಪ್ರೀತಿಯ ನಮಸ್ಕಾರವೋ, ನಿಮ್ಮ ಸಹವಾಸ ಸಾಕಪ್ಪಾ ಎಂಬ ನಮಸ್ಕಾರವೋ? ಫೋನು ಮಾಡಿದರೆ "ಆರಾಮ್ರಿ" ಎನ್ನುತ್ತಿದ್ದರು. ಶನಿವಾರ ಬನ್ನಿ ಕಾಕಾ ಎಂದರೆ "ನೋಡೂಣ್ರಿ" ಎನ್ನುತ್ತಿದ್ದರು. ಈ ಸಂಕ್ರಾಂತಿಗೆ ದೇವಸ್ಥಾನದಲ್ಲಿ ಸಿಕ್ಕಾಗ ಎಳ್ಳುಬೆಲ್ಲ ಕೊಟ್ಟು, "ಒಳ್ಳೇ ಮಾತಾಡೂಣು" ಎಂದು ಜೋರಾಗಿ ನಕ್ಕರು. ಸಿಟ್ಟಿಲ್ಲ ಎಂದುಕೊಂಡು ಹಗುರಾದೆ. ಸ್ವಲ್ಪ ಹೊತ್ತಿಗೆ ದೂರದಲ್ಲಿ ನಾನು ಕೈ ಬೀಸಿದರೆ ನನ್ನ ಮುಖವನ್ನೇ ನೋಡಿಯೂ ಕೈ ಎತ್ತಲಿಲ್ಲ. ಸಿಟ್ಟಿದೆ ಎಂದುಕೊಂಡು ಕುಗ್ಗಿದೆ. ಹೀಗೆ ವರ್ಷವಿಡೀ ಅತ್ತ ಇತ್ತ. ಮುಖಾಮುಖಿ ಕೇಳಿಬಿಡಲು ಧೈರ್ಯ ಬರಲಿಲ್ಲ. ನಿಜ ಹೇಳಬೇಕೆಂದರೆ, ಹೌದು ಬೇಸರವಾಗಿದೆ ಎಂದು ಅವರು ಅಂದರೆ ಏನು ಮಾಡುವುದು ಎಂಬ ಹೆದರಿಕೆ.

ನನ್ನ ಮುಂದಾಳತ್ವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುರುವಾರ ಹೋಗಿ ಹಾದಿ ನೋಡಿ ಬರುವಷ್ಟು ನಿಷ್ಠೆ ನನ್ನಲ್ಲಿಲ್ಲ. ಫೋನಿನ ಮ್ಯಾಪು ನೋಡಿ ಕರೆದುಕೊಂಡು ಹೋಗುತ್ತೇನೆ. ಒಮ್ಮೆ ಸಿಗ್ನಲ್ ಹೋಗಿ ಹನ್ನೊಂದು ಜನ ಒಂದು ಗಾಲ್ಫ್ ಮೈದಾನದ ನಡುವೆ ಹೊರಬಿದ್ದೆವು. ಅವತ್ತು ಯಾರೂ ಗೊಣಗಲಿಲ್ಲ, ನಕ್ಕರು. ಕಾಕಾ ದಾರಿ ತಪ್ಪಿದಾಗ ಗೊಣಗಿದವರು ನಾನು ತಪ್ಪಿದಾಗ ಯಾಕೆ ನಕ್ಕರು? ತಪ್ಪದವನು ಒಮ್ಮೆ ತಪ್ಪಿದರೆ ಜನ ಸಹಿಸುವುದಿಲ್ಲವೋ ಏನೋ. ಅದೂ ನನಗೆ ಸರಿಯಾಗಿ ಅರ್ಥವಾಗಿಲ್ಲ.

ಇಷ್ಟೆಲ್ಲ ವಿನೆಗರ್ ವಾಸನೆಯಲ್ಲಿ ನಿಂತು ನೆನೆದೆ. ಸುಧಾ ಕಾರಿನ ಕೀ ತಂದು ಕೈಯಲ್ಲಿಟ್ಟಳು. "ಕಾಫಿ ಅಲ್ಲೇ ಕುಡೀರಿ" ಎಂದಳು.

ಬಾಗಿಲು ತೆರೆದದ್ದು ಕಾಕಾರ ಹೆಂಡತಿ ಶಾಂತಾ ಕಾಕು. "ಬರ್ರಿ ಬರ್ರಿ, ಲೀಡರ್ ಸಾಹೇಬ್ರು! ಹಾದಿ ಸಿಕ್ತೇನು ನಮ್ಮನಿಗೆ?" ಎಂದರು. ಚುಚ್ಚಿದರೋ, ಹಾಸ್ಯ ಮಾಡಿದರೋ, ಅದೂ ತಿಳಿಯದೆ ಹಲ್ಲು ಕಿರಿದೆ. "ಚಾ ಮಾಡ್ಲೇನು?" ಎಂದರು. "ಬೇಡ ಕಾಕು, ಈಗಷ್ಟೇ..." ಎನ್ನುವುದರೊಳಗೆ ಅವರು ಅಡುಗೆಮನೆಯಲ್ಲಿ ಪಾತ್ರೆ ಇಟ್ಟಾಗಿತ್ತು.

ಕಾಕಾ ಹಿತ್ತಲಿನಲ್ಲಿದ್ದರು. ಅವರು ಒಳಗೆ ಬರುವ ಮುನ್ನ ಕಾಕು ದನಿ ತಗ್ಗಿಸಿ, "ಕರಕೊಂಡು ಹೋಗ್ಲೇನು ಅಂತ ನೀವೆಲ್ಲಾ ಒಂದ ಸಲ ಕೇಳಿ ಬಿಟ್ರಿ. ಒಂದ ಸಲ ಕೇಳಿದ್ರ ಯಾರು ಬರ್ತಾರ್ರಿ?" ಎಂದರು. ನಾನು ತೊದಲಿದೆ. ಅವರೇ ಮುಂದುವರಿಸಿದರು. "ಅವರ ಕಣ್ಣು ಹೋಗಾಕತ್ತಾವ್ರಿ. ನೋಡೂ ಕಡೆ ನಟ್ಟನಡುವ ಮಸಕು. ಎದುರಿಗೆ ನಿಂತವರ ಮುಖ ಕಾಣ್ಸೂದಿಲ್ಲ. ಆ ಪಬ್ಬಿಗೆ ಹೋದ್ರಲ್ಲ, ಅದರ ಹಿಂದಿನ ಗುರುವಾರ ಒಬ್ರ ಹೋಗಿ ಹಾದಿ ತಪ್ಪಿದ್ರು. ಹಲಗಿ ಓದಾಕ ಬರವಲ್ದು ಅವರಿಗೆ. ಕುದರಿ ಮ್ಯಾಲೆ ಹೊಂಟಿದ್ದ ಹೆಣ್ಣಮಗಳೊಬ್ಬಾಕಿ ಕಾರಿನ ತನಕ ಮುಟ್ಟಿಸಿದ್ಲಂತ. ಮರುವಾರ ಡಾಕ್ಟ್ರು ಗಾಡಿ ಹೊಡಿಯೂದು ಬಂದ್ ಮಾಡಿಸಿದ್ರು. ಯಾರಿಗೂ ಹೇಳಬ್ಯಾಡ ಅಂತ ನನಗ ಆಣಿ ಹಾಕ್ಯಾರ."

ದೇವಸ್ಥಾನದಲ್ಲಿ ಎತ್ತದ ಕೈ, ಕಂಬದ ಮುಂದೆ ನಿಂತ ಬೆನ್ನು, ನಮ್ಮ ಹೊಸ ಕಾರು, ಎಲ್ಲ ಒಂದೊಂದಾಗಿ ಜಾಗಕ್ಕೆ ಬಂದು ಕುಳಿತವು. ವರ್ಷವಿಡೀ ಅವರ ಸಿಟ್ಟಿನ ಲೆಕ್ಕ ಹಾಕುತ್ತ ಕುಳಿತಿದ್ದ ನನ್ನ ಬುದ್ಧಿಗೆ ಏನು ಹೇಳಲಿ? ಹಲಗೆ ಬಾಯಿಪಾಠ ಮಾಡುತ್ತಿದ್ದೀರಾ ಎಂದು ಕೇಳಿದ್ದೆನಲ್ಲ ನಾನು!

ಕಾಕಾ ಒಳಗೆ ಬಂದರು. ನನ್ನ ದನಿ ಕೇಳಿ, "ಓಹೋ, ಹಾಸನದ ಸಾಹೇಬ್ರು!" ಎಂದು ಕೈ ಹಿಡಿದು ಕೂರಿಸಿದರು. ಚಹಾ ಬಂತು. ಸುತ್ತು ಬಳಸುವುದು ಸಾಕೆಂದುಕೊಂಡೆ.

"ಕಾಕಾ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ಪಬ್ಬಲ್ಲಿ ನಿಜವಾಗ್ಲೂ ಸಾಕಾಗಿ ಅಂದ್ರಾ, ಇಲ್ಲಾ ನಾವು ಬಿಡಬೇಡಿ ಅಂತೀವಿ ಅಂತ ಅಂದ್ರಾ?"

ಅವರು ಹೆಂಡತಿಯ ಕಡೆ ತಿರುಗಿದರು. "ಹೇಳಿದ್ಯೇನು ಇವರಿಗೆ?"

"ಹೇಳಿದೆ. ಆಣಿ ಮುರದ್ರ ಪಾಪ ನನಗ ಬರ್ಲಿ" ಎಂದರು ಕಾಕು.

ಕಾಕಾ ಕಪ್ಪು ಕೆಳಗಿಟ್ಟರು. "ನಿಜವಾಗ್ಲೂ ಸಾಕಾಗಿ ಅಂದೆ. ಹಲಗಿ ಕಾಣದವ ಹದಿಮೂರು ಮಂದೀನ ನಡಸೂದು ಅಂದ್ರ ಏನು? ಅವತ್ತ ಬಿಡೂದು ಅಂತ ಮೊದಲ ಮಾಡಿದ್ದೆ. ಅದಕ್ಕ ಕಡೀ ನಡಿಗಿ ಚಂದ ಇರ್ಲಿ ಅಂತ ಆ ಪಬ್ಬಿನ ಊಟ."

"ಅಂದ್ರೆ ನಾವು ಮಾಡಿದ್ದು..."

"ತಪ್ಪಲ್ಲ. ನೀವು ಬಿಡಬ್ಯಾಡ್ರಿ ಅಂದಿದ್ರೂ ನಾ ಬಿಡ್ತಿದ್ದೆ." ಕಪ್ಪಿನ ಅಂಚಿನ ಮೇಲೆ ಬೆರಳಾಡಿಸಿದರು. "ಆದ್ರ ಅನ್ನಿಸ್ಕೊಂಡು ಬಿಡ್ತಿದ್ದೆ."

ಕಾಕು ಸೆರಗಿನಿಂದ ಮೇಜು ಒರೆಸಿದರು, ಮೇಜಿನ ಮೇಲೆ ಏನೂ ಚೆಲ್ಲಿರಲಿಲ್ಲ. ಏನು ಹೇಳಿದರೂ ತಡವೇ. ಒಂದು ವರ್ಷ ತಣ್ಣಗಾದ ಹೋಳಿಗೆಯನ್ನು ಈಗ ಬಡಿಸುವುದು ಹೇಗೆ? ಆದರೂ ಬಾಯಿ ತನಗೆ ತಾನೇ ತೆರೆಯಿತು.

"ಕಾಕಾ, ನೀವು ಬಿಡಬಾರದು" ಎಂದೆ.

ಅವರು ನನ್ನ ದನಿ ಬಂದ ಕಡೆ ಮುಖ ಮಾಡಿದರು. ನಾನು ತಮಾಷೆ ಮಾಡುತ್ತಿದ್ದೇನೋ ಎಂದು ಒಂದು ಕ್ಷಣ ಅನುಮಾನಪಟ್ಟಂತೆ ಕಂಡಿತು. "ಹೋಗ್ರೀ ನಿಮ್ಮ" ಎಂದರು. ಆಮೇಲೆ ನೆಟ್ಟಗೆ ಕುಳಿತು ಅಂಗಿಯ ಕಾಲರು ಸರಿಮಾಡಿಕೊಂಡರು. "ಇಲ್ರಿ. ನನಗ ಸಾಕಾತು."

"ಎಂಟು ವರ್ಷ ನೀವು ನಡೆಸಿದ್ರಿ. ನಮಗೆ ಗುಡ್ಡ ತೋರಿಸಿದವರೇ ನೀವು. ನೀವಿಲ್ಲದೆ ನಮಗೆ ಆಗಲ್ಲ ಕಾಕಾ."

"ಆಗ್ತದ, ಆಗ್ತದ. ಬ್ಯಾಡ್ರಿ."

"ನಾನು ಗುರುವಾರ ಹೋಗಿ ನೋಡಲ್ಲ ಕಾಕಾ. ಮ್ಯಾಪು ನೋಡ್ಕೊಂಡು ಕರ್ಕೊಂಡು ಹೋಗ್ತೀನಿ. ಗಾಲ್ಫ್ ಮೈದಾನಕ್ಕೆ ಹೊಕ್ಕಿದ್ವಿ. ನಿಮ್ಮ ಹಾಗೆ ನಮ್ಮನ್ನ ಯಾರೂ ನೋಡ್ಕೊಳ್ಳಲ್ಲ. ಬಿಡಬೇಡಿ." ಇದನ್ನು ಹೇಳುವಾಗ ನನಗೆ ಅಳು ಬಂದಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

ಕಾಕಾ ತಡೆದು ತಡೆದು, "ಇಲ್ಲಪಾ. ಇನ್ನ ನನ್ನಿಂದ ಆಗೂದಿಲ್ಲ" ಎಂದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟು, "ಈಗ ಬಿಟ್ಟೆ ನೋಡ್ರಿ" ಎಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ಆರಿದ ಚಹಾ ಕುಡಿದು ಮುಗಿಸಿ ಎದ್ದೆ. ರೈಡಿನ ಮಾತು ಹೇಗೆ ಎತ್ತಲಿ, ಎತ್ತಿದರೆ ಎಷ್ಟು ಸಲ ಕೇಳಲಿ ಎಂದು ಬಾಗಿಲ ತನಕವೂ ಲೆಕ್ಕ ಹಾಕುತ್ತಲೇ ಇದ್ದೆ. ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಅವರೇ ಕೂಗಿದರು.

"ಏ ಸಾಹೇಬ್ರ, ಶನಿವಾರ ಎಷ್ಟ ಗಂಟೇಕ ಬರ್ತೀರಿ, ನನ್ನ ಕರಕೊಂಡು ಹೋಗಾಕ?"